ಊಟವಾದ ಮೇಲಿನ ಶುಗರ್: ಯಾವಾಗ ನೋಡಬೇಕು, ನೋಡಿ ಏನು ಮಾಡಬೇಕು?

ಪ್ರಶ್ನೆ: ಡಾಕ್ಟ್ರೇ, ನನಗೆ 56 ವರ್ಷ. ಆರು ವರ್ಷದಿಂದ ಟೈಪ್ 2 ಸಕ್ಕರೆ ಕಾಯಿಲೆ ಇದೆ. ಮಾತ್ರೆ ತೆಗೆದುಕೊಳ್ಳುತ್ತೇನೆ, ಇನ್ಸುಲಿನ್ ಇಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 110ರಿಂದ 120ರ ಒಳಗೇ ಇರುತ್ತದೆ. ಆದರೂ ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ರಕ್ತಪರೀಕ್ಷೆಯಲ್ಲಿ 7.8 ಬಂದಿದೆ. ಊಟವಾದ ಮೇಲೂ ನೋಡಿಕೊಳ್ಳಿ ಎಂದು ಹೇಳಿದ್ದಾರೆ. ನೋಡಿದರೆ ಒಂದು ದಿನ 150, ಇನ್ನೊಂದು ದಿನ 220. ಒಮ್ಮೆ ಐದು ನಿಮಿಷ ಬಿಟ್ಟು ಮತ್ತೆ ನೋಡಿದೆ, 168 ಇದ್ದದ್ದು 181 ಆಯಿತು. ಎರಡು ಗಂಟೆ ಅಂದರೆ ಊಟ ಶುರು ಮಾಡಿದಾಗಿನಿಂದಲೋ, ಮುಗಿದ ಮೇಲೋ? ಎಷ್ಟಿದ್ದರೆ ಸರಿ? ದಿನಾ ಚುಚ್ಚಿಕೊಳ್ಳಬೇಕಾ? ತೋಳಿಗೆ ಅಂಟಿಸುವ ಸೆನ್ಸರ್ ಹಾಕಿಸಿಕೋ ಅಂತ ಮಗಳು ಹೇಳುತ್ತಿದ್ದಾಳೆ.

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಬೆಳಿಗ್ಗೆ 115ರ ಆಸುಪಾಸು, ಎಚ್‌ಬಿಎ1ಸಿ 7.8. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಸಣ್ಣ ಲೆಕ್ಕ ಹಾಕೋಣ. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ, ಅದರಲ್ಲಿ 46.7 ಕಳೆದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ಎಷ್ಟಿತ್ತು ಅಂತ ಅಂದಾಜು ಸಿಗುತ್ತದೆ. ನಿಮ್ಮದು ಸುಮಾರು 177. ಬೆಳಿಗ್ಗೆ 115 ಇದ್ದೂ ಸರಾಸರಿ 177 ಬಂದಿದೆ ಎಂದರೆ ಹಗಲಲ್ಲಿ ಎಲ್ಲೋ ಅದು 200 ದಾಟಿ ಬರುತ್ತಿರಲೇಬೇಕು, ಅಲ್ವಾ? ನೀವು ನೋಡುತ್ತಿದ್ದದ್ದು ಅದು ಹತ್ತಿ ಇಳಿದು ಸುಮ್ಮನೆ ಮಲಗಿದ್ದ ಹೊತ್ತಿನಲ್ಲಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬಂದಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಹಿಮೋಗ್ಲೋಬಿನ್ ಇತ್ತೀಚೆಗೆ ನೋಡಿಸಿಲ್ಲವಾದರೆ ಒಮ್ಮೆ ನೋಡಿಸಿ. ಆದರೆ ನಿಮಗೆ 220 ಕೂಡ ಬಂದಿದೆ. ಹಾಗಾಗಿ ನನ್ನ ಅನುಮಾನ ಊಟದ ಮೇಲೇ.

ಇದು ನಿಮ್ಮೊಬ್ಬರ ಕಥೆಯಲ್ಲ. ಫ್ರಾನ್ಸ್‌ನ ಲೂಯಿ ಮೊನಿಯೆ ಮತ್ತು ಅವರ ತಂಡ 2003ರಲ್ಲಿ ಇದನ್ನೇ ಅಳೆದು ನೋಡಿತು. ಎಚ್‌ಬಿಎ1ಸಿ 7.3ಕ್ಕಿಂತ ಕಡಿಮೆ ಇದ್ದವರಲ್ಲಿ ಹೆಚ್ಚುವರಿ ಸಕ್ಕರೆಯ ನೂರಕ್ಕೆ ಸುಮಾರು 70 ಪಾಲು ಊಟದ ನಂತರದ ಏರಿಕೆಯಿಂದ ಬಂದಿತ್ತು. 10.2 ದಾಟಿದವರಲ್ಲಿ ಅದು ಉಲ್ಟಾ. ಅಲ್ಲಿ ಊಟದ ಪಾಲು ಸುಮಾರು 30, ಉಳಿದದ್ದೆಲ್ಲ ಖಾಲಿ ಹೊಟ್ಟೆಯದ್ದು. ನಿಮ್ಮಂತೆ ಏಳರಿಂದ ಎಂಟರ ನಡುವೆ ಇರುವವರು ಬೆಳಗಿನ ನಂಬರನ್ನೇ ನೆಚ್ಚಿಕೊಂಡು ಕೂತರೆ ಅರ್ಧ ಕಥೆ ಮಾತ್ರ ತಿಳಿಯುತ್ತದೆ.

ಊಟವಾದ ಮೇಲೆ ಏನಾಗುತ್ತದೆ ಎಂದು ಸ್ವಲ್ಪ ನೋಡೋಣ. ಕಾಯಿಲೆ ಇಲ್ಲದವರಲ್ಲಿ ಊಟ ಶುರುವಾದ ಕೆಲವೇ ನಿಮಿಷದಲ್ಲಿ ಮೇದೋಜೀರಕ ಗ್ರಂಥಿ ತಾನು ಕೂಡಿಟ್ಟ ಇನ್ಸುಲಿನ್ನನ್ನು ಒಮ್ಮೆಲೇ ಬಿಡುತ್ತದೆ. ಆ ಮೊದಲ ಅಲೆ ಯಕೃತ್ತಿಗೆ ಒಂದು ಸೂಚನೆ ಇದ್ದ ಹಾಗೆ: ಊಟ ಬರುತ್ತಿದೆ, ನೀನು ಸಕ್ಕರೆ ಕಳಿಸುವುದು ನಿಲ್ಲಿಸು. ಟೈಪ್ 2ರಲ್ಲಿ ಮೊದಮೊದಲು ಕೈಕೊಡುವುದೇ ಈ ಅಲೆ. ಸೂಚನೆ ತಡವಾಗುತ್ತದೆ. ಅದರ ಮೇಲೆ ಯಕೃತ್ತಿನಿಂದ ಸಕ್ಕರೆ ಬಿಡಿಸುವ ಗ್ಲುಕಗಾನ್ ಅನ್ನುವ ಇನ್ನೊಂದು ಹಾರ್ಮೋನು ಇಳಿಯಬೇಕಾದ ಹೊತ್ತಿನಲ್ಲೂ ಇಳಿಯುವುದಿಲ್ಲ. ಆಗ ಹೊಟ್ಟೆಯಿಂದಲೂ ಸಕ್ಕರೆ, ಯಕೃತ್ತಿನಿಂದಲೂ ಸಕ್ಕರೆ. ಒಂದೇ ತೊಟ್ಟಿಗೆ ಎರಡು ನಲ್ಲಿ ಬಿಟ್ಟ ಹಾಗೆ. ತುಂಬದೆ ಇನ್ನೇನಾಗುತ್ತದೆ?

ಈಗ ಗಡಿಯಾರದ ವಿಷಯ. ಎಣಿಸಬೇಕಾದ್ದು ಮೊದಲ ತುತ್ತು ಬಾಯಿಗೆ ಇಟ್ಟ ಹೊತ್ತಿನಿಂದ. ಊಟ ಮುಗಿದ ಮೇಲಿಂದ ಅಲ್ಲ. ಹತ್ತು ನಿಮಿಷದಲ್ಲಿ ಊಟ ಮುಗಿಸುವವರೂ ಇದ್ದಾರೆ, ಮಾತಾಡುತ್ತಾ ಮುಕ್ಕಾಲು ಗಂಟೆ ಕೂರುವವರೂ ಇದ್ದಾರೆ. ಮುಗಿದ ಮೇಲೆ ಎಣಿಸಿದರೆ ಒಬ್ಬರಿಗೂ ಇನ್ನೊಬ್ಬರಿಗೂ ತಾಳೆಯಾಗುವುದಿಲ್ಲ. ಅಷ್ಟೇ ಯಾಕೆ, ನಿಮ್ಮದೇ ಎರಡು ದಿನಗಳಿಗೂ ತಾಳೆಯಾಗುವುದಿಲ್ಲ. ಫೋನಿನಲ್ಲಿ ಅಲಾರಂ ಇಟ್ಟುಬಿಡಿ. ಮೊದಲ ತುತ್ತಿನ ಜೊತೆಗೇ ಒತ್ತಿ.

ಸಾಮಾನ್ಯವಾಗಿ ಶುಗರ್ ಎಲ್ಲಕ್ಕಿಂತ ಮೇಲೆ ಹೋಗುವುದು ಊಟ ಶುರುವಾದ ಒಂದರಿಂದ ಒಂದೂವರೆ ಗಂಟೆಯ ಹೊತ್ತಿಗೆ. ಎರಡು ಗಂಟೆಗೆ ಹೆಚ್ಚಿನವರಲ್ಲಿ ಅದು ಇಳಿಜಾರಿನಲ್ಲಿರುತ್ತದೆ. ಎಣ್ಣೆ, ತುಪ್ಪ, ಕೊಬ್ಬು ಜಾಸ್ತಿ ಇರುವ ಊಟವಾದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಆಗ ಏರಿಕೆ ಮೂರು ಗಂಟೆ, ಕೆಲವೊಮ್ಮೆ ಅದಕ್ಕೂ ಆಚೆ ಸರಿಯುತ್ತದೆ. ಅಂಥ ಊಟ ಮಾಡಿ ಎರಡು ಗಂಟೆಗೆ 140 ನೋಡಿ ಖುಷಿಪಟ್ಟವರು, ಮಲಗುವಾಗ 230 ನೋಡಿ ಕಂಗಾಲಾಗಿ ಫೋನ್ ಮಾಡುತ್ತಾರೆ. ಮೀಟರ್ ಕೆಟ್ಟಿರುವುದಿಲ್ಲ. ಊಟ ತಡವಾಗಿ ಲೆಕ್ಕ ಕೊಟ್ಟಿರುತ್ತದೆ ಅಷ್ಟೆ. ಒಂದು ಬಿಡುವಿನ ದಿನ ನೀವು ಯಾವಾಗಲೂ ಮಾಡುವ ಊಟವನ್ನೇ ಮಾಡಿ, ಒಂದು, ಎರಡು, ಮೂರು ಗಂಟೆಗೆ ನೋಡಿ. ನಿಮ್ಮ ಗುಡ್ಡ ಎಲ್ಲಿ ಏರಿ ಎಲ್ಲಿ ಇಳಿಯುತ್ತದೆ ಎಂದು ಗೊತ್ತಾಗುತ್ತದೆ. ಆಮೇಲೆ ನೋಡುವಾಗಲೆಲ್ಲ ಎರಡು ಗಂಟೆಗೇ ಸಾಕು.

ಎಷ್ಟಿದ್ದರೆ ಸರಿ? ಇಲ್ಲಿ ಜನರಿಗೆ ಗೊಂದಲ ಆಗುವುದು ಸಹಜ, ಯಾಕೆಂದರೆ ಒಂದೇ ನಂಬರ್ ಇಲ್ಲ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಪ್ರಕಾರ ಊಟಕ್ಕೆ ಮೊದಲು 80ರಿಂದ 130, ಊಟ ಶುರುವಾದ ಒಂದೆರಡು ಗಂಟೆಯಲ್ಲಿ ಏರುವ ತುದಿ 180ರ ಒಳಗೆ. ಇಂಟರ್‌ನ್ಯಾಷನಲ್ ಡಯಾಬಿಟಿಸ್ ಫೆಡರೇಷನ್ 2011ರಲ್ಲಿ ಇನ್ನೂ ಬಿಗಿಯಾಗಿ 160 ಎಂದಿತು. ಗರ್ಭಿಣಿಯರಿಗೆ ಲೆಕ್ಕವೇ ಬೇರೆ: ಒಂದು ಗಂಟೆಗೆ 140ರ ಒಳಗೆ, ಎರಡು ಗಂಟೆಗೆ 120ರ ಒಳಗೆ. ಕೆಲವು ದೇಶದ ಮೀಟರುಗಳು ಮಿಲಿಮೋಲ್‌ನಲ್ಲಿ ತೋರಿಸುತ್ತವೆ. ಅದನ್ನು 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕದ ನಂಬರ್ ಸಿಗುತ್ತದೆ. ನಿಮ್ಮ ವಯಸ್ಸಿಗೆ, ಮಾತ್ರೆಯ ಮೇಲೆ ಇರುವವರಿಗೆ, 180 ದಾಟದೆ ಇರುವುದು ಮೊದಲ ಗುರಿ. ಅದು ಸುಲಭವಾಗಿ ಸಾಧ್ಯವಾದರೆ 160ಕ್ಕೆ ಇಳಿಸೋಣ. ತುಂಬಾ ವಯಸ್ಸಾದವರು, ಪದೇ ಪದೇ ಶುಗರ್ ಕುಸಿಯುವವರು, ಬೇರೆ ದೊಡ್ಡ ಕಾಯಿಲೆ ಇರುವವರು ಇಷ್ಟು ಬಿಗಿ ಹಿಡಿಯಬೇಕಾಗಿಲ್ಲ. ಅವರಿಗೆ ಕುಸಿತದ ಅಪಾಯವೇ ದೊಡ್ಡದು.

ಈಗ ನನಗೆ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ನಿಮ್ಮ 150 ಮತ್ತು 220ರ ಬಗ್ಗೆ ನಾನು ಏನನ್ನೂ ಹೇಳಲಾರೆ. ಯಾಕೆಂದರೆ ಊಟಕ್ಕೆ ಮೊದಲು ಎಷ್ಟಿತ್ತು ಎಂದು ನೀವು ಬರೆದಿಲ್ಲ. ಊಟದ ನಂತರದ ನಂಬರ್ ಒಂಟಿಯಾಗಿ ಬಂದರೆ ಅದಕ್ಕೆ ಬೆಲೆ ಕಡಿಮೆ. ಅದಕ್ಕೆ ಜೊತೆ ಬೇಕು.

ಒಬ್ಬರು ತಂದ ಪುಸ್ತಕದ ಒಂದು ಪುಟ ನೆನಪಾಗುತ್ತದೆ. ನೀಲಿ ಪೆನ್ನಿನಲ್ಲಿ ಊಟದ ಮೊದಲು, ಕೆಂಪು ಪೆನ್ನಿನಲ್ಲಿ ಊಟದ ನಂತರ. ಸೋಮವಾರ ರಾತ್ರಿ 176, ಆಮೇಲೆ 220. ಬುಧವಾರ ರಾತ್ರಿ 110, ಆಮೇಲೆ 190. ಅವರು 220ಕ್ಕೆ ಮೂರು ಸುತ್ತು ಹಾಕಿ, ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಬೇರೆ ಹಾಕಿದ್ದರು. 190ರ ಪಕ್ಕ ಸಣ್ಣದೊಂದು ಸರಿ ಗುರುತು. ನಾನು ಕಳೆದು ಬರೆದೆ: ಸೋಮವಾರ ಏರಿದ್ದು 44, ಬುಧವಾರ ಏರಿದ್ದು 80. ಸೋಮವಾರದ ತಟ್ಟೆ ಪಾಪ, ಏನೂ ತಪ್ಪು ಮಾಡಿರಲಿಲ್ಲ. ಸಂಜೆಯೇ ಏನೋ ತಿಂದು 176ಕ್ಕೆ ಹತ್ತಿ ಕೂತಿತ್ತು. ಸರಿಮಾಡಬೇಕಾದ್ದು ಸಂಜೆಯ ತಿಂಡಿ. ಬುಧವಾರದ ರಾತ್ರಿ ಊಟವೇ ನಿಜವಾದ ಕಳ್ಳ. ಅವರು ಒಂದು ತಿಂಗಳಿಂದ ಸೋಮವಾರದ ಊಟವನ್ನು ಬಿಟ್ಟು ಬುಧವಾರದ್ದನ್ನೇ ಮತ್ತೆ ಮತ್ತೆ ಮಾಡುತ್ತಿದ್ದರು!

ಹಾಗಾಗಿ ಜೋಡಿಯಾಗಿ ನೋಡಿ. ಊಟಕ್ಕೆ ಕೂರುವ ಮುಂಚೆ ಒಮ್ಮೆ, ಎರಡು ಗಂಟೆಗೆ ಒಮ್ಮೆ. ಒಂದನ್ನು ಇನ್ನೊಂದರಿಂದ ಕಳೆಯಿರಿ. ಏರಿಕೆ 50ರ ಒಳಗಿದ್ದರೆ ನಾನು ಆ ಊಟವನ್ನು ಮುಟ್ಟಲು ಹೋಗುವುದಿಲ್ಲ. 70, 80 ಏರಿದರೆ ತಟ್ಟೆಯಲ್ಲಿ ಏನಿತ್ತು ಎಂದು ಕೇಳುತ್ತೇನೆ. ಇದು ನನ್ನ ಕೈಲೆಕ್ಕ, ಗೈಡ್‌ಲೈನ್ ಅಲ್ಲ.

ದಿನಾ ಚುಚ್ಚಿಕೊಳ್ಳಬೇಕಾ ಎಂದು ಕೇಳಿದ್ದೀರಿ. ಬೇಡ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇನ್ಸುಲಿನ್ ತೆಗೆದುಕೊಳ್ಳದ 450 ಟೈಪ್ 2 ರೋಗಿಗಳನ್ನು ಒಂದು ವರ್ಷ ಗಮನಿಸಿದರು. ಫಲಿತಾಂಶ 2017ರಲ್ಲಿ ಬಂತು. ದಿನಕ್ಕೊಮ್ಮೆ ನೋಡಿಕೊಂಡವರಿಗೂ, ನೋಡಿಕೊಳ್ಳದೇ ಇದ್ದವರಿಗೂ ವರ್ಷದ ಕೊನೆಗೆ ಎಚ್‌ಬಿಎ1ಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದನ್ನು ಕೇಳಿ ಮೀಟರ್ ಬಿಸಾಡಿದವರೂ ಇದ್ದಾರೆ. ನಾನು ಅದರಿಂದ ತೆಗೆದುಕೊಂಡದ್ದು ಇಷ್ಟು: ಸುಮ್ನೆ ಚುಚ್ಚಿಕೊಂಡು, ನಂಬರ್ ನೋಡಿ, ನಿಟ್ಟುಸಿರು ಬಿಟ್ಟು ಡಬ್ಬಿ ಮುಚ್ಚಿದರೆ ಶುಗರ್ ಇಳಿಯುವುದಿಲ್ಲ. ತೂಕದ ಯಂತ್ರ ಹತ್ತಿದ್ದಕ್ಕೇ ಯಾರೂ ಸಣ್ಣಗಾಗುವುದಿಲ್ಲವಲ್ಲ. ಮೂರು ದಿನ ಒಂದೇ ಹೊತ್ತಿನ ಊಟಕ್ಕೆ ಜೋಡಿ ನೋಡಿ. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿ. ಮತ್ತೆ ಮೂರು ದಿನ ನೋಡಿ. ಆಮೇಲೆ ಬೆರಳಿಗೆ ರಜೆ ಕೊಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗರ್ಭಿಣಿಯರಿಗೆ, ಹುಷಾರಿಲ್ಲದ ದಿನಗಳಿಗೆ ಈ ಸಲಹೆ ಅನ್ವಯಿಸುವುದಿಲ್ಲ. ಅವರು ಹೆಚ್ಚು ಸಲ ನೋಡಲೇಬೇಕು.

ಐದು ನಿಮಿಷದಲ್ಲಿ 168 ಮತ್ತು 181 ಬಂದದ್ದರ ಬಗ್ಗೆ. ಎರಡೂ ಸರಿ. ಮನೆಯಲ್ಲಿ ಬಳಸುವ ಮೀಟರುಗಳಿಗೆ 2013ರ ಅಂತರರಾಷ್ಟ್ರೀಯ ಮಾನದಂಡ ಒಂದಿದೆ. ಶುಗರ್ 100 ಅಥವಾ ಅದಕ್ಕಿಂತ ಹೆಚ್ಚಿದ್ದಾಗ, ನೂರಕ್ಕೆ 95 ಸಲ, ಲ್ಯಾಬ್ ಫಲಿತಾಂಶಕ್ಕಿಂತ ಶೇಕಡಾ 15 ಆಚೀಚೆ ತೋರಿಸಿದರೂ ಮೀಟರ್ ಪಾಸು. ಅಂದರೆ ನಿಜವಾದ 180ನ್ನು ಅದು 153 ಎಂದರೂ 207 ಎಂದರೂ ನಿಯಮ ಮುರಿದಂತಲ್ಲ. ಹತ್ತು ಹದಿನೈದರ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಂಡು ಇನ್ನೊಂದು ಸ್ಟ್ರಿಪ್ ಹಾಳು ಮಾಡಬೇಡಿ. ಒಂದೇ ಸಲದ ನಂಬರಿಗಿಂತ ಮೂರು ದಿನದ ಜೋಡಿಗಳು ಹೆಚ್ಚು ನಿಜ ಹೇಳುತ್ತವೆ ಎನ್ನುವುದು ಇದೇ ಕಾರಣಕ್ಕೆ.

ಆದರೆ ದೊಡ್ಡ ತಪ್ಪು ಬರುವುದು ಮೀಟರಿನಿಂದಲ್ಲ, ಕೈಯಿಂದ. ಒಮ್ಮೆ ನಾನೇ ಹಣ್ಣು ಸುಲಿದು, ಕೈ ಒರೆಸಿಕೊಂಡು, ಹೊಸ ಮೀಟರ್ ಹೇಗಿದೆ ನೋಡೋಣ ಎಂದು ಬೆರಳು ಚುಚ್ಚಿದೆ. 240 ತೋರಿಸಿತು. ಎದೆ ಧಸಕ್ಕೆಂದಿತು. ಸೋಪು ಹಚ್ಚಿ ತೊಳೆದು, ಒರೆಸಿ, ಮತ್ತೆ ನೋಡಿದರೆ 104. ಬೆರಳಿಗೆ ಅಂಟಿದ ಹಣ್ಣಿನ ರಸ ರಕ್ತದ ಹನಿಯಲ್ಲಿ ಸೇರಿಕೊಂಡಿತ್ತು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಇದು ಪೂರ್ತಿ ಹೋಗುವುದಿಲ್ಲ. ಸೋಪು ನೀರೇ ಬೇಕು. ಆಮೇಲೆ ಚೆನ್ನಾಗಿ ಒಣಗಿಸಿ. ಒದ್ದೆ ಬೆರಳಾದರೆ ರಕ್ತ ತೆಳುವಾಗಿ ಕಡಿಮೆ ತೋರಿಸುತ್ತದೆ. ಬೆರಳ ತುದಿಯ ನಡುಭಾಗದಲ್ಲಿ ಚುಚ್ಚಬೇಡಿ, ನೋವು ಜಾಸ್ತಿ. ಪಕ್ಕದಲ್ಲಿ ಚುಚ್ಚಿ. ಕೈಯನ್ನು ಕೆಳಗೆ ಇಳಿಬಿಟ್ಟು, ಬುಡದಿಂದ ಮೆಲ್ಲಗೆ ನೀವಿ ಹನಿ ತನ್ನಿ. ಬೆರಳನ್ನು ಹಿಂಡಬೇಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದ ತಕ್ಷಣ ಮುಚ್ಚಿ. ತೇವ ಹೊಕ್ಕರೆ ಸ್ಟ್ರಿಪ್ ಕೆಟ್ಟಂತೆಯೇ.

ಲ್ಯಾಬ್‌ನಲ್ಲಿ ಕೊಟ್ಟ ರಕ್ತಕ್ಕೂ ಬೆರಳಿಗೂ ಊಟದ ನಂತರ ತಾಳೆಯಾಗುವುದಿಲ್ಲ ಎಂದು ಜಗಳಕ್ಕೆ ಬರುವವರಿದ್ದಾರೆ. ಆಗಬಾರದು ಕೂಡ. ಬೆರಳ ತುದಿಯಲ್ಲಿರುವ ರಕ್ತ ಇನ್ನೂ ತನ್ನ ಸಕ್ಕರೆಯನ್ನು ಮಾಂಸಖಂಡಗಳಿಗೆ ಕೊಟ್ಟಿರುವುದಿಲ್ಲ. ಲ್ಯಾಬಿನವರು ತೆಗೆಯುವುದು ಕೊಟ್ಟು ವಾಪಸ್ ಬರುತ್ತಿರುವ ರಕ್ತನಾಳದಿಂದ. ಖಾಲಿ ಹೊಟ್ಟೆಯಲ್ಲಿ ಎರಡೂ ಹತ್ತಿರ ಇರುತ್ತವೆ. ಊಟದ ನಂತರ ಬೆರಳಿನದು ಜಾಸ್ತಿ ಇರುತ್ತದೆ.

ನಂಬರ್ ಜಾಸ್ತಿ ಬಂತು, ಏನು ಮಾಡಬೇಕು? ಮೊದಲು ಮಾಡಬಾರದ್ದು: ಇನ್ನೊಂದು ಮಾತ್ರೆ ನುಂಗಬೇಡಿ, ಮುಂದಿನ ಊಟ ಬಿಡಬೇಡಿ. ಮಾಡಬಹುದಾದ್ದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ನಡಿಗೆ. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನಕ್ಕೊಮ್ಮೆ ಯಾವಾಗಲೋ 30 ನಿಮಿಷ ನಡೆಯುವುದಕ್ಕಿಂತ, ಮೂರೂ ಊಟದ ನಂತರ ಹತ್ತತ್ತು ನಿಮಿಷ ನಡೆದಾಗ ಊಟದ ನಂತರದ ಶುಗರ್ ಚೆನ್ನಾಗಿ ಇಳಿಯಿತು. ಎಲ್ಲಕ್ಕಿಂತ ಜಾಸ್ತಿ ಲಾಭ ಕಂಡದ್ದು ರಾತ್ರಿ ಊಟದ ನಂತರ. ಕಾರಣ ಸರಳ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಮನೆಯೊಳಗೇ ಅತ್ತಿಂದಿತ್ತ ಓಡಾಡಿದರೂ ಆಯಿತು. ಟಿವಿ ಮುಂದೆ ಕೂತುಬಿಟ್ಟರೆ ಮಾತ್ರ ಆಗುವುದಿಲ್ಲ.

ತಟ್ಟೆಯಲ್ಲಿ ಮೊದಲು ಪಿಷ್ಟ, ಅಂದರೆ ಅನ್ನ, ಮುದ್ದೆ, ಚಪಾತಿಯಂಥದ್ದು, ಎಷ್ಟಿದೆ ನೋಡಿ. ಏರಿಕೆಯ ದೊಡ್ಡ ಪಾಲು ಅದರದ್ದೇ. ಕಾಲು ಭಾಗ ಕಡಿಮೆ ಮಾಡಿ, ಆ ಜಾಗಕ್ಕೆ ತರಕಾರಿ ಅಥವಾ ಕಾಳು ತನ್ನಿ. ಅದೂ ಕಷ್ಟ ಎನ್ನುವವರಿಗೆ ಇನ್ನೂ ಸುಲಭದ್ದೊಂದಿದೆ. ಊಟ ಅದೇ ಇರಲಿ, ಸರದಿ ಬದಲಿಸಿ. ಮೊದಲು ತರಕಾರಿ, ಆಮೇಲೆ ಪ್ರೋಟೀನ್, ಕೊನೆಗೆ ಪಿಷ್ಟ. ಏರಿಕೆ ಕಡಿಮೆಯಾಗುತ್ತದೆ. ಹಣ್ಣನ್ನು ಜಗಿದು ತಿನ್ನಿ, ರಸ ಮಾಡಿ ಕುಡಿಯಬೇಡಿ. ನಿದ್ದೆಗೆಟ್ಟ ದಿನ, ಜ್ವರ ಬಂದ ದಿನ, ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿರುವಾಗ ಅದೇ ಊಟ ಜಾಸ್ತಿ ಏರಿಸುತ್ತದೆ. ಆ ದಿನದ ನಂಬರನ್ನು ಊಟದ ತಲೆಗೆ ಕಟ್ಟಬೇಡಿ.

ನೀವು ಮಾತ್ರೆಯ ಹೆಸರು ಬರೆದಿಲ್ಲ. ಅದು ಗೊತ್ತಾಗಬೇಕಿತ್ತು. ಅಕಾರ್ಬೋಸ್ ಜಾತಿಯದ್ದನ್ನು ಮೊದಲ ತುತ್ತಿನ ಜೊತೆ ನುಂಗಬೇಕು. ರೆಪಾಗ್ಲಿನೈಡ್ ಊಟಕ್ಕೆ ಸ್ವಲ್ಪ ಮುಂಚೆ. ಊಟ ಮುಗಿಸಿ ನೆನಪಾದಾಗ ನುಂಗಿದರೆ ಏರಿಕೆಯನ್ನು ತಡೆಯುವ ಹೊತ್ತು ಹೋಗಿಬಿಟ್ಟಿರುತ್ತದೆ. ಎಷ್ಟೋ ಸಲ ಮಾತ್ರೆ ಬದಲಿಸದೆ, ನುಂಗುವ ಹೊತ್ತು ಸರಿಮಾಡಿದ್ದಕ್ಕೇ 30, 40 ಇಳಿದದ್ದು ನೋಡಿದ್ದೇನೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಇದ್ದರೆ ಶುಗರ್ ಕುಸಿಯುವುದೂ ಉಂಟು. ಊಟವಾಗಿ ಮೂರು ನಾಲ್ಕು ಗಂಟೆಗೆ ಕೈ ನಡುಗಿ ಬೆವರಿದರೆ ಅದನ್ನೂ ನೋಡಿ. 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಅಕಾರ್ಬೋಸ್ ಕೂಡ ತೆಗೆದುಕೊಳ್ಳುವವರಿಗೆ ಇಲ್ಲಿ ಒಂದು ಎಚ್ಚರಿಕೆ: ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಅದನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಗ್ಲೂಕೋಸ್ ಪುಡಿಯೇ ಬೇಕು.

ಇನ್ಸುಲಿನ್ ತೆಗೆದುಕೊಳ್ಳುವ ಓದುಗರಿಗೆ ಒಂದೇ ಮಾತು. ಎರಡು ಗಂಟೆಗೆ 220 ನೋಡಿ ಗಾಬರಿಯಿಂದ ಇನ್ನೊಂದು ಡೋಸ್ ಹಾಕಿಕೊಳ್ಳಬೇಡಿ. ಊಟಕ್ಕೆ ಹಾಕಿದ ವೇಗದ ಇನ್ಸುಲಿನ್ ಮೂರರಿಂದ ಐದು ಗಂಟೆ ಕೆಲಸ ಮಾಡುತ್ತದೆ. ಅದರ ಮೇಲೆ ಇನ್ನೊಂದು ಸೇರಿದರೆ ನಡುರಾತ್ರಿ ಕುಸಿಯುತ್ತದೆ.

ಊಟದ ನಂತರ ಏರಿದರೆ ಹೃದಯಕ್ಕೆ ನೇರವಾಗಿ ಹೊಡೆಯುತ್ತದಂತೆ ಎಂದು ಹಲವರು ಹೆದರಿದ್ದಾರೆ. ಏರಿಕೆ ಜಾಸ್ತಿ ಇರುವವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿರುವುದು ನಿಜ. ಆದರೆ ಹೃದಯಾಘಾತವಾಗಿದ್ದ 1,115 ಟೈಪ್ 2 ರೋಗಿಗಳಲ್ಲಿ ಊಟದ ನಂತರದ್ದನ್ನೇ ಗುರಿಯಾಗಿಟ್ಟು ಇನ್ಸುಲಿನ್ ಕೊಟ್ಟಾಗ, ಖಾಲಿ ಹೊಟ್ಟೆಯದ್ದನ್ನು ಗುರಿಯಾಗಿಟ್ಟವರಿಗಿಂತ ಹೃದಯದ ತೊಂದರೆ ಕಡಿಮೆಯಾಗಲಿಲ್ಲ. ಆ ಫಲಿತಾಂಶ ಬಂದದ್ದು 2009ರಲ್ಲಿ. ಹಾಗಾಗಿ ಒಂದು ದಿನದ 220ಕ್ಕೆ ಎದೆ ಹಿಡಿದುಕೊಳ್ಳಬೇಡಿ. ನಾವು ಇದನ್ನು ನೋಡುತ್ತಿರುವುದು 7.8ನ್ನು 7ರ ಹತ್ತಿರ ತರಲು. ಪದೇ ಪದೇ 300ರ ಹತ್ತಿರ ಹೋಗುತ್ತಿದ್ದರೆ, ಜೊತೆಗೆ ಬಾಯಾರಿಕೆ, ಮೂತ್ರ ಜಾಸ್ತಿ, ತೂಕ ಇಳಿಯುವುದು, ವಾಂತಿ ಇದ್ದರೆ ಮಾತ್ರ ಪುಸ್ತಕ ಬರೆಯುತ್ತಾ ಕೂರಬೇಡಿ. ಅವತ್ತೇ ಡಾಕ್ಟರ ಬಳಿ ಹೋಗಿ.

ಕೊನೆಗೆ ಮಗಳ ಸೆನ್ಸರ್. ಅವಳು ಹೇಳುವುದರಲ್ಲಿ ತಪ್ಪಿಲ್ಲ. ಚರ್ಮದ ಕೆಳಗಿನ ದ್ರವದಲ್ಲಿ ಸಕ್ಕರೆ ನೋಡುವ ಈ ಸೆನ್ಸರುಗಳಲ್ಲಿ ಹೆಚ್ಚಿನವು 10ರಿಂದ 15 ದಿನ ನಡೆಯುತ್ತವೆ. ಎರಡು ಗಂಟೆಯ ಒಂದು ಚುಕ್ಕೆಯ ಬದಲು ಇಡೀ ಗುಡ್ಡವೇ ಕಾಣುತ್ತದೆ. ದಿನದ ನೂರಕ್ಕೆ 70 ಪಾಲು ಹೊತ್ತು 70ರಿಂದ 180ರ ನಡುವೆ ಇದ್ದರೆ ಒಳ್ಳೆಯದು ಎಂದು ಲೆಕ್ಕ. ಆದರೆ ಆ ದ್ರವ ರಕ್ತಕ್ಕಿಂತ ಐದು ಹತ್ತು ನಿಮಿಷ ಹಿಂದೆ ಇರುತ್ತದೆ. ಶುಗರ್ ವೇಗವಾಗಿ ಏರುವ ಇಳಿಯುವ ಹೊತ್ತಿನಲ್ಲಿ ಬೆರಳಿಗೂ ಅದಕ್ಕೂ ಹೊಂದುವುದಿಲ್ಲ. ಆ ತೋಳಿನ ಮೇಲೇ ಮಲಗಿದರೆ ಒತ್ತಡಕ್ಕೆ ಸುಳ್ಳು ಕುಸಿತ ತೋರಿಸಿ ನಿದ್ದೆ ಕೆಡಿಸುತ್ತದೆ. ಗಂಟೆಗೆ ಹತ್ತು ಸಲ ಫೋನ್ ತೆಗೆದು ನೋಡುವ ಸ್ವಭಾವ ಇರುವವರಿಗೆ ನಾನು ಇದನ್ನು ಹೇಳುವುದೇ ಇಲ್ಲ. ನಿಮಗೆ ಸದಾ ಬೇಕಿಲ್ಲ, ಒಂದು ಸಲ ಎರಡು ವಾರ ಹಾಕಿ ನೋಡಬಹುದು. ಆ ಎರಡು ವಾರ ತಿಂದದ್ದನ್ನೆಲ್ಲ ಬರೆದಿಡುವುದಾದರೆ ಮಾತ್ರ.

ಅಲ್ಲಿಯವರೆಗೆ ಈ ವಾರ ರಾತ್ರಿ ಊಟದಿಂದಲೇ ಶುರು ಮಾಡಿ. ಮೂರು ರಾತ್ರಿ, ಆರು ಸ್ಟ್ರಿಪ್. ಊಟದ ಮೊದಲಿನದ್ದು, ಎರಡು ಗಂಟೆಯದ್ದು, ತಿಂದದ್ದು, ಮಾತ್ರೆ ನುಂಗಿದ ಹೊತ್ತು, ಇಷ್ಟನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ನಾಲ್ಕನೇ ರಾತ್ರಿ ಊಟ ಅದೇ ಮಾಡಿ, ಆದರೆ ಎದ್ದು ಹತ್ತು ನಿಮಿಷ ನಡೆದು ಬಂದು ನೋಡಿ. ಆ ಪುಟವನ್ನು ನಿಮ್ಮ ಡಾಕ್ಟರಿಗೆ ತೋರಿಸಿ, ಮಾತ್ರೆಯ ಚೀಟಿಯನ್ನೂ ಮರೆಯದೆ ಒಯ್ಯಿರಿ.